‘ಗೊತ್ತಿಲ್ಲ ಸರ್’ ಅಂದ ಮೇಲೆ ಏನು?

ಪ್ಲೇಸ್‌ಮೆಂಟ್ ಸೀಸನ್ ಶುರುವಾಯ್ತು ಅಂದ್ರೆ ಹಾಸ್ಟೆಲ್ಲಿನ ಗಾಳಿಯೇ ಬದಲಾಗುತ್ತೆ. ಮೂರು ವರ್ಷ ಬ್ಯಾಗಿನ ತಳದಲ್ಲಿದ್ದ ಫಾರ್ಮಲ್ ಶರ್ಟು ಇಸ್ತ್ರಿ ಕಾಣುತ್ತೆ, ಒಂದೇ ಟೈ ನಾಲ್ಕು ಕೊರಳು ಸುತ್ತುತ್ತೆ. ಕಳೆದ ಸೀಸನ್ನಿನಲ್ಲಿ ನಾವೂ ಹಾಗೆ ಸಾಲಿನಲ್ಲಿ ಕೂತವರೇ. ಕೆಲವರಿಗೆ ಮೊದಲ ಕಂಪನಿಯಲ್ಲೇ ಕೆಲಸ ಆಯ್ತು, ನಮ್ಮಲ್ಲೊಬ್ಬನಿಗೆ ಏಳನೆಯದರಲ್ಲಿ. ಹೆಚ್ಚು ಕಲಿಸಿದ್ದು ಆ ಏಳನೆಯವನ ಕಥೆ.

ಅವನ ಮೊದಲ ಟೆಕ್ನಿಕಲ್ ರೌಂಡ್. ಪ್ರಶ್ನೆ ಇಷ್ಟೇ: ಒಂದು ಪಟ್ಟಿಯಲ್ಲಿ ಸಂಖ್ಯೆಗಳಿವೆ, ಕೂಡಿದರೆ 16 ಬರುವ ಎರಡು ಸಂಖ್ಯೆ ಹುಡುಕು. ಸುಲಭದ ದಾರಿ ಅವನಿಗೆ ಹೊಳೆದಿತ್ತು. ‘ಇಷ್ಟು ಸುಲಭ ಇರಲ್ಲ’ ಅಂದುಕೊಂಡು ಸುಮ್ಮನಾದ. ಕನ್ನಡ ಮೀಡಿಯಂ ಹುಡುಗ. ತಲೆಯಲ್ಲಿ ಕನ್ನಡದಲ್ಲಿ ಓಡುತ್ತಿದ್ದ ಉತ್ತರ ಇಂಗ್ಲಿಷಿಗೆ ಬರಲೇ ಇಲ್ಲ. ಇಪ್ಪತ್ತು ನಿಮಿಷ ಹಾಳೆ ಖಾಲಿ. ಕೊನೆಗೆ ‘ಗೊತ್ತಿಲ್ಲ ಸರ್’ ಅಂದು ಎದ್ದು ಬಂದ. ಅದೇ ಸಂಜೆ ಟೀ ಅಂಗಡಿ ಮುಂದೆ ನಿಂತು ಐದೇ ನಿಮಿಷದಲ್ಲಿ ನಮಗೆಲ್ಲ ಉತ್ತರ ಬಿಡಿಸಿ ಹೇಳಿದ!

ಹಾಗಾದ್ರೆ ಒಳಗೆ ಏನು ಮಾಡಬೇಕಿತ್ತು?

ಮೊದಲು ಪ್ರಶ್ನೆಗೇ ಪ್ರಶ್ನೆ ಕೇಳಬೇಕು. ಸಂಖ್ಯೆಗಳು ಕ್ರಮದಲ್ಲಿವೆಯಾ? ಒಂದೇ ಸಂಖ್ಯೆ ಎರಡು ಸಲ ಬರಬಹುದಾ? ಜೋಡಿ ಸಿಗದಿದ್ರೆ ಏನು ಕೊಡಬೇಕು? ಇದನ್ನು ಕೇಳಿದರೆ ದಡ್ಡ ಅಂದುಕೊಳ್ಳಲ್ಲ, ಎಷ್ಟೋ ಸಲ ಅವರು ಕಾಯುತ್ತಿರುವುದೇ ಅದಕ್ಕೆ.

ಆಮೇಲೆ ಸುಲಭದ ದಾರಿಯನ್ನೇ ಜೋರಾಗಿ ಹೇಳಿಬಿಡಿ. ಪ್ರತಿ ಸಂಖ್ಯೆಯನ್ನೂ ಉಳಿದವುಗಳ ಜೊತೆ ಕೂಡಿ ನೋಡುವುದು. ಅದರ ಖರ್ಚನ್ನೂ ನೀವೇ ಹೇಳಿ: 10,000 ಸಂಖ್ಯೆ ಇದ್ದರೆ ಸುಮಾರು 5 ಕೋಟಿ ಜೋಡಿ. ಇದು ದುಬಾರಿ ಅಂತ ನೀವೇ ಒಪ್ಪಿಕೊಂಡ ಮೇಲೆ ಮುಂದಿನ ದಾರಿ ತಾನಾಗಿ ತೆರೆಯುತ್ತೆ.

ಪಟ್ಟಿ 3, 8, 5, 11 ಅಂತಿಟ್ಟುಕೊಳ್ಳಿ. 3 ಬಂತು, ಅದಕ್ಕೆ ಬೇಕಾದ ಜೊತೆ 13. ಇನ್ನೂ ನೋಡಿಲ್ಲ, 3ನ್ನು ಹ್ಯಾಶ್ ಮ್ಯಾಪಿನಲ್ಲಿ ಬರೆದಿಟ್ಟೆವು. 8 ಬಂತು, ಬೇಕಾದ್ದು ಇನ್ನೊಂದು 8. ಅದೂ ಇಲ್ಲ. 5ಕ್ಕೆ 11 ಬೇಕು, ಸಿಕ್ಕಿಲ್ಲ. ಕೊನೆಗೆ 11 ಬಂತು, ಅದಕ್ಕೆ 5 ಬೇಕು, ಮ್ಯಾಪಿನಲ್ಲಿದೆ! ಪಟ್ಟಿಯನ್ನು ಒಂದೇ ಸುತ್ತು ನೋಡಿದರೆ ಸಾಕು. ಇಲ್ಲೊಂದು ಗುಂಡಿ ಇದೆ. ಮೊದಲು ಬರೆದಿಟ್ಟು ಆಮೇಲೆ ಹುಡುಕಿದರೆ, 8 ತನ್ನನ್ನೇ ತಾನು ಜೋಡಿ ಮಾಡಿಕೊಂಡುಬಿಡುತ್ತೆ. ಮೊದಲು ಹುಡುಕಿ, ಆಮೇಲೆ ಬರೆದಿಡಬೇಕು. ಕೋಡ್ ಮುಗಿದ ಮೇಲೆ ಇಂಥ ಒಂದೆರಡು ಉದಾಹರಣೆ ಕೈಯಲ್ಲೇ ಓಡಿಸಿ ತೋರಿಸಿ.

ಇಷ್ಟೆಲ್ಲ ಬಾಯಿಬಿಟ್ಟು ಯಾಕೆ ಹೇಳಬೇಕು? ಕೆಲಸಕ್ಕೆ ಸೇರಿದ ಸೀನಿಯರ್‌ಗಳನ್ನು ಕೇಳಿದಾಗ ನಮಗಿದು ಅರ್ಥ ಆಯ್ತು. ಸೇರಿದ ಹೊಸತರಲ್ಲಿ ಅವರು ಹೊಸ ಕೋಡ್ ಬರೆದದ್ದಕ್ಕಿಂತ, ಬೇರೆ ಯಾರೋ ಬರೆದ ಕೋಡ್ ಓದಿದ್ದೇ ಹೆಚ್ಚಂತೆ. ಒಂದು ಸಣ್ಣ ಬಗ್ ಸರಿಮಾಡಿದರೂ ಅದನ್ನು ಇನ್ನೊಬ್ಬರು ನೋಡಿ ಪ್ರಶ್ನೆ ಕೇಳ್ತಾರೆ, ಅದೇ ಕೋಡ್ ರಿವ್ಯೂ. ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿನಲ್ಲಿ ನಿನ್ನೆ ಏನು ಮಾಡಿದೆ, ಇವತ್ತು ಏನು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀಯ ಅಂತ ಹೇಳಬೇಕು. ಅಲ್ಲಿ ಉತ್ತರ ಗೊತ್ತಿಲ್ಲದವನಿಂದ ತೊಂದರೆ ಇಲ್ಲ. ಮೂರು ದಿನ ಬಾಯಿ ಬಿಡದೆ ಕೂತವನಿಂದ ತೊಂದರೆ. ಇಂಟರ್ವ್ಯೂನಲ್ಲಿ ಅವರು ಪರೀಕ್ಷಿಸುವುದು ಅದನ್ನೇ: ಇವನ ಪಕ್ಕ ಕೂತು ಕೆಲಸ ಮಾಡಬಹುದಾ?

ಇನ್ನು ಇಂಗ್ಲಿಷಿನ ಭಯ. ವ್ಯಾಕರಣ ತಪ್ಪಿದ್ದಕ್ಕಿಂತ ಮೌನವೇ ನಮ್ಮಲ್ಲಿ ಹೆಚ್ಚು ಜನರನ್ನು ಕೆಡವಿದ್ದು. ‘ಲೆಟ್ ಮಿ ಸ್ಟಾರ್ಟ್ ವಿತ್ ದ ಸಿಂಪಲ್ ವೇ’, ‘ಕ್ಯಾನ್ ಐ ಟೇಕ್ ಒನ್ ಮಿನಿಟ್’, ಹೀಗೆ ನಾಲ್ಕೈದು ವಾಕ್ಯ ನಾಲಿಗೆಗೆ ಕೂತರೆ ಉಳಿದದ್ದು ಹಿಂದೆಯೇ ಬರುತ್ತೆ. ಕನ್ನಡದಲ್ಲಿ ಯೋಚನೆ ಮಾಡಿದರೆ ಏನೂ ಕಡಿಮೆ ಆಗಲ್ಲ. ರೂಮ್‌ಮೇಟ್‌ಗೆ ಮೊದಲು ಕನ್ನಡದಲ್ಲಿ ಬಿಡಿಸಿ ಹೇಳಿ, ಅದೇ ಲೆಕ್ಕವನ್ನು ಮತ್ತೊಮ್ಮೆ ಇಂಗ್ಲಿಷಿನಲ್ಲಿ ಹೇಳಿ. ನಾವು ಹಾಗೇ ಕಲಿತದ್ದು.

ನಿಜವಾಗಿಯೂ ಗೊತ್ತಿಲ್ಲದ್ದು ಬಂದರೆ ‘ಗೊತ್ತಿಲ್ಲ’ ಅನ್ನಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ‘ಇದು ಗೊತ್ತಿಲ್ಲ, ಇದರ ಹತ್ತಿರದ್ದು ಇಷ್ಟು ಗೊತ್ತು, ಅಲ್ಲಿಂದ ಹೀಗೆ ಶುರುಮಾಡ್ತೀನಿ’ ಅನ್ನಿ. ಅದಕ್ಕೇ ರೆಸ್ಯೂಮೆಯಲ್ಲಿ ಮಾಡದ ಪ್ರಾಜೆಕ್ಟ್ ಬರೆಯಬೇಡಿ. ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತೆ.

ಆಫರ್ ಕೈಗೆ ಬಂದ ಮೇಲೂ ಒಂದು ಮಾತು. ಸಿಟಿಸಿ ಅಂದ್ರೆ ಕೈಗೆ ಬರುವ ಸಂಬಳ ಅಲ್ಲ. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ, ಸಿಗಲೂಬಹುದು ಬಿಡಲೂಬಹುದು ಅನ್ನುವ ವೇರಿಯಬಲ್ ಪೇ, ಎಲ್ಲ ಅದರೊಳಗೇ ಇರಬಹುದು. 12ರಿಂದ ಭಾಗಿಸಿ ಮನೆಗೆ ಫೋನ್ ಮಾಡುವ ಮೊದಲು ಲೆಟರ್ ಪೂರ್ತಿ ಓದಿ. ಬಾಂಡ್ ಇದ್ದರೆ ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು ಅಂತ ಸಹಿಗೆ ಮುಂಚೆಯೇ ಕೇಳಿ.

ನಮ್ಮ ಏಳನೆಯವನು ಕೊನೆಯ ಇಂಟರ್ವ್ಯೂನಲ್ಲೂ ಒಂದು ಪ್ರಶ್ನೆಗೆ ‘ಗೊತ್ತಿಲ್ಲ ಸರ್’ ಅಂದನಂತೆ. ಈ ಸಲ ಮಾತು ಮುಂದುವರಿಸಿದ. ಈಗ ಸಂಜೆ ಹೊತ್ತು ಕ್ಲಬ್ ರೂಮಿನಲ್ಲಿ ಜೂನಿಯರ್‌ಗಳಿಗೆ ಮಾಕ್ ಇಂಟರ್ವ್ಯೂ ಮಾಡೋನು ಅವನೇ. ಬನ್ನಿ, ಕನ್ನಡದಲ್ಲೇ ಶುರುಮಾಡೋಣ.