ಮಾ-ರಾಬರ್ಟ್ ನಡೆಸಿದ ಶಾಲೆ

ಡೇವಿಡ್ ಲಿವಿಂಗ್‌ಸ್ಟನ್ ಎಂದ ಕೂಡಲೇ ನಮಗೆ ನೆನಪಾಗುವುದು ವಿಕ್ಟೋರಿಯಾ ಜಲಪಾತ ಮತ್ತು ಆಫ್ರಿಕಾದ ನಕ್ಷೆ. ಆದರೆ ಪ್ರವಾಸಿಯೆಂದು ಹೆಸರು ಮಾಡುವ ಮೊದಲು ಅವರು ಕ್ರೈಸ್ತ ಮಿಷನರಿಯಾಗಿ ಒಂದು ಹಳ್ಳಿಯಲ್ಲಿ ಶಾಲೆ ನಡೆಸುತ್ತಿದ್ದರು. ಆ ಹಳ್ಳಿಯ ಹೆಸರು ಕೊಲೊಬೆಂಗ್. ಅದು ಇಂದಿನ ಬೋಟ್ಸ್ವಾನಾ ದೇಶದಲ್ಲಿ, ರಾಜಧಾನಿ ಗ್ಯಾಬರೋನ್‌ನ ಪಶ್ಚಿಮಕ್ಕಿದೆ. ಅಲ್ಲಿ ಬಕ್ವೇನಾ ಎಂಬ ಜನ, ಅವರ ದೊರೆ ಸೆಚೇಲೆ. ಲಿವಿಂಗ್‌ಸ್ಟನ್ ಕುಟುಂಬ 1847ರಲ್ಲಿ ಇವರ ಜೊತೆಯಲ್ಲೇ ಬಂದು ಅಲ್ಲಿ ನೆಲೆಸಿತು. 1857ರಲ್ಲಿ ಪ್ರಕಟವಾದ ತಮ್ಮ ಪ್ರವಾಸದ ಪುಸ್ತಕದಲ್ಲಿ ಲಿವಿಂಗ್‌ಸ್ಟನ್ ಅಲ್ಲಿನ ದಿನಚರಿಯನ್ನು ವಿವರವಾಗಿ ಬರೆದಿದ್ದಾರೆ. ಅದನ್ನು ಓದಿದರೆ ಶಾಲೆಯ ಭಾರ ಹೆಚ್ಚಾಗಿ ಯಾರ ಹೆಗಲ ಮೇಲಿತ್ತು ಎಂಬುದು ತಿಳಿಯುತ್ತದೆ.

ಅವರ ಪತ್ನಿ ಮೇರಿ ಹುಟ್ಟಿದ್ದೇ ಆಫ್ರಿಕಾದಲ್ಲಿ, 1821ರಲ್ಲಿ. ತಂದೆ ರಾಬರ್ಟ್ ಮೊಫಾಟ್ ಕುರುಮಾನ್ ಎಂಬಲ್ಲಿ ಮಿಷನರಿಯಾಗಿದ್ದರು. ಅಲ್ಲಿನ ಜನರ ಸೆಟ್ಸ್ವಾನಾ ಭಾಷೆ ಮೇರಿಗೆ ಚಿಕ್ಕಂದಿನಿಂದಲೇ ಬರುತ್ತಿತ್ತು. ಗಂಡ ಅದನ್ನು ದೊಡ್ಡವರಾದ ಮೇಲೆ ಕಲಿತವರು. 1845ರಲ್ಲಿ ಮದುವೆ, ಮರುವರ್ಷ ಮೊದಲ ಮಗ ರಾಬರ್ಟ್. ಅಂದಿನಿಂದ ಊರವರ ಬಾಯಲ್ಲಿ ಮೇರಿಯ ಹೆಸರು 'ಮಾ-ರಾಬರ್ಟ್', ಅಂದರೆ ರಾಬರ್ಟನ ತಾಯಿ. ನಮ್ಮ ಮನೆಗಳಲ್ಲೂ ಅಕ್ಕಪಕ್ಕದವರು ಹೆಂಗಸರನ್ನು 'ಇಂಥವನ ಅಮ್ಮಿ' ಎಂದೇ ಕರೆಯುತ್ತಾರಲ್ಲ, ಹಾಗೆ.

ಅವರ ದಿನ ನಸುಕಿನಲ್ಲೇ ಶುರುವಾಗುತ್ತಿತ್ತು. ಹಗಲು ಎಷ್ಟೇ ಬಿಸಿಲಿದ್ದರೂ ಅಲ್ಲಿ ಬೆಳಗಿನ ಹೊತ್ತು ಬಹಳ ತಂಪು. (ಫಜ್ರ್ ನಮಾಜ್ ಮುಗಿಸಿ ಹೊರಗೆ ಬರುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.) ಮನೆಯವರೆಲ್ಲ ಸೇರಿ ಪ್ರಾರ್ಥನೆ, ಆರು-ಏಳು ಗಂಟೆಯ ನಡುವೆ ತಿಂಡಿ, ಆಮೇಲೆ ಶಾಲೆ. ಅದಕ್ಕೆ ವಯಸ್ಸಿನ ಮಿತಿ ಇರಲಿಲ್ಲ. ಗಂಡಸರು, ಹೆಂಗಸರು, ಮಕ್ಕಳು, ಯಾರು ಬೇಕಾದರೂ ಬರಬಹುದಿತ್ತು. ಹನ್ನೊಂದು ಗಂಟೆಗೆ ಶಾಲೆ ಬಿಡುತ್ತಿತ್ತು. ಬಳಿಕ ಲಿವಿಂಗ್‌ಸ್ಟನ್ ಕಮ್ಮಾರಿಕೆ, ಬಡಗಿ ಕೆಲಸ ಅಥವಾ ತೋಟದ ಕೆಲಸ ಮಾಡುತ್ತಿದ್ದರು. ಊರವರಿಗೆ ಏನಾದರೂ ಮಾಡಿಕೊಟ್ಟರೆ ಅವರು ಬದಲಿಗೆ ಇವರ ತೋಟದಲ್ಲಿ ದುಡಿಯುತ್ತಿದ್ದರು. ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲಿ ಬರುವ ವಿನಿಮಯ ಪದ್ಧತಿ ಇದೇ, ಕೌಶಲದ ಕೆಲಸಕ್ಕೆ ಬದಲಾಗಿ ಮೈಕೆಲಸ.

ಮೇರಿಗೆ ಆ ಹೊತ್ತು ಅಡುಗೆಮನೆ. ಈ ಅಡುಗೆಮನೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಹತ್ತಿರದಲ್ಲಿ ಅಂಗಡಿ ಇಲ್ಲದ ಕಾರಣ ಹಿಟ್ಟು ಬೀಸುವುದರಿಂದ ಹಿಡಿದು ಎಲ್ಲವೂ ಮನೆಯಲ್ಲೇ ಆಗಬೇಕಿತ್ತು. ಗೆದ್ದಲ ಹುತ್ತವನ್ನು ಒಳಗಿನಿಂದ ಕೊರೆದು, ಬಾಯಿಗೆ ಕಲ್ಲಿನ ಚಪ್ಪಡಿ ಇಟ್ಟರೆ ಅದೇ ಬ್ರೆಡ್ ಬೇಯಿಸುವ ಒಲೆ. ಹಿಂದಿನ ಸಲದ ಹುಳಿಹಿಟ್ಟನ್ನು ಸ್ವಲ್ಪ ಬೆರೆಸಿ ಒಂದೆರಡು ಗಂಟೆ ಬಿಸಿಲಿಗಿಟ್ಟರೆ ಹಿಟ್ಟು ಉಬ್ಬುತ್ತಿತ್ತು. ಜಾಡಿಯಲ್ಲಿ ಕಡೆದು ಬೆಣ್ಣೆ ತೆಗೆಯುತ್ತಿದ್ದರು. ಮೇಣದಬತ್ತಿಯನ್ನು ಅಚ್ಚಿನಲ್ಲಿ ಹೊಯ್ದುಕೊಳ್ಳುತ್ತಿದ್ದರು. ಸಾಬೂನಿನ ಕಷ್ಟ ಕೇಳಿ: ಕಟ್ಟಿಗೆ ಬೂದಿಯಲ್ಲಿ ಕ್ಷಾರ ತೀರ ಕಡಿಮೆ ಇದ್ದುದರಿಂದ ಬೂದಿನೀರನ್ನು ಮತ್ತೆ ಮತ್ತೆ ಕುದಿಸಬೇಕಿತ್ತು. ಕೊಬ್ಬು ಸಾಬೂನಾಗಲು ಒಂದರಿಂದ ಒಂದೂವರೆ ತಿಂಗಳು ಹಿಡಿಯುತ್ತಿತ್ತು!

ಮಧ್ಯಾಹ್ನ ಊಟ ಮಾಡಿ ಒಂದು ಗಂಟೆ ವಿಶ್ರಾಂತಿ. ಆಮೇಲೆ ಮೇರಿ ಚಿಕ್ಕ ಮಕ್ಕಳ ಶಾಲೆಗೆ ಹೋಗುತ್ತಿದ್ದರು. ಅಲ್ಲಿ ಸಾಮಾನ್ಯವಾಗಿ ನೂರು ಮಕ್ಕಳು ಸೇರುತ್ತಿದ್ದರು, ಅದೂ ಯಾರ ಒತ್ತಾಯವೂ ಇಲ್ಲದೆ, ಇಷ್ಟಪಟ್ಟು. ಕೆಲವು ದಿನ ಅದರ ಬದಲು ಹುಡುಗಿಯರಿಗೆ ಹೊಲಿಗೆ ತರಗತಿ. ಸೂರ್ಯ ಮುಳುಗಿದ ಮೇಲೆ ಲಿವಿಂಗ್‌ಸ್ಟನ್ ಊರೊಳಗೆ ಹೋಗಿ ಜನರೊಡನೆ ಮಾತನಾಡುತ್ತಿದ್ದರು, ರೋಗಿಗಳಿಗೆ ಔಷಧಿ ಕೊಡುತ್ತಿದ್ದರು. ಹಸುಗಳ ಹಾಲು ಕರೆದು ಕತ್ತಲಾದ ಮೇಲೆ ಕೆಲವು ರಾತ್ರಿ ಧಾರ್ಮಿಕ ಸಭೆ ಇರುತ್ತಿತ್ತು. ಚಿತ್ರಗಳನ್ನೂ ವಸ್ತುಗಳನ್ನೂ ತೋರಿಸಿ ಲೋಕಜ್ಞಾನ ಹೇಳಿಕೊಡುವ ಪಾಠವೂ ನಡೆಯುತ್ತಿತ್ತು.

ಮಿಷನ್ ಸಂಬಳ ಕೊಡುತ್ತಿದ್ದುದು ಲಿವಿಂಗ್‌ಸ್ಟನ್ ಅವರೊಬ್ಬರ ಹೆಸರಿಗೆ. ಗೃಹಿಣಿಯ ಕೆಲಸ ರಾಷ್ಟ್ರೀಯ ಆದಾಯದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಇಲ್ಲಿ ನೂರು ಮಕ್ಕಳ ಪಾಠವೂ ಆ ಲೆಕ್ಕಕ್ಕೆ ಬರಲಿಲ್ಲ.

ಮಳೆ ಕೈಕೊಟ್ಟ ಮೇಲೆ ಕಷ್ಟ ಹೆಚ್ಚಾಯಿತು. ಧಾನ್ಯವನ್ನು ದೂರದ ಕುರುಮಾನ್‌ನಿಂದ ತರಿಸಬೇಕಾಯಿತು. ಒಮ್ಮೆ ಹೊಟ್ಟನ್ನೇ ಮೂರು ಸಲ ಬೀಸಿ ಹಿಟ್ಟು ಮಾಡಿಕೊಂಡು ತಿಂದರು. ಮನೆಯ ಮಕ್ಕಳು ಊರ ಮಕ್ಕಳಂತೆ ದೊಡ್ಡ ಕಂಬಳಿಹುಳುಗಳನ್ನೂ ತಿಂದರು, ಮಳೆಯ ಬಳಿಕ ಸಿಗುವ ದೊಡ್ಡ ಕಪ್ಪೆಗಳನ್ನೂ ತಿಂದರು. ಮಿಡತೆಗಳು ಬಂದರೆ ಎಲ್ಲರಿಗೂ ಹಬ್ಬ. ಹುರಿದು ಜೇನಿನ ಜೊತೆ ತಿಂದರೆ ಚೆನ್ನಾಗಿರುತ್ತದೆ ಎಂದು ಲಿವಿಂಗ್‌ಸ್ಟನ್ ಬರೆದಿದ್ದಾರೆ. ಮಿಡತೆ ನಮಗೂ ಹಲಾಲ್, ಕಪ್ಪೆ ಮಾತ್ರ ಅಲ್ಲ!

ಶಾಲೆಯ ಅತ್ಯಂತ ಉತ್ಸಾಹಿ ವಿದ್ಯಾರ್ಥಿ ಸ್ವತಃ ದೊರೆ ಸೆಚೇಲೆ. ಕೊಲೊಬೆಂಗ್‌ಗೆ ಬರುವ ಮೊದಲೇ, ಲಿವಿಂಗ್‌ಸ್ಟನ್ ತಮ್ಮ ಊರಿಗೆ ಬಂದ ಮೊದಲ ದಿನವೇ, ಅವರು ಅಕ್ಷರಮಾಲೆ ಕಲಿತುಬಿಟ್ಟಿದ್ದರು. ಬೇಟೆಗಾರನಾಗಿ ತೆಳ್ಳಗಿದ್ದ ಮನುಷ್ಯ ಪುಸ್ತಕ ಹಿಡಿದು ಕೂತು ಕೂತು ದಪ್ಪಗಾದರಂತೆ. ಮೊಫಾಟ್ ಅವರು ಸೆಟ್ಸ್ವಾನಾಕ್ಕೆ ಅನುವಾದಿಸಿ ಅಚ್ಚು ಹಾಕಿಸಿದ ಬೈಬಲ್ ಭಾಗಗಳೇ ಅವರ ಓದು. ಜನ ಹೊಸ ಧರ್ಮ ನಂಬುತ್ತಿಲ್ಲ ಎಂದು ಲಿವಿಂಗ್‌ಸ್ಟನ್ ಬೇಸರಪಟ್ಟಾಗ ಸೆಚೇಲೆ ಸುಲಭದ ದಾರಿ ಸೂಚಿಸಿದರು: ಖಡ್ಗಮೃಗದ ಚರ್ಮದ ಚಾಟಿಯಿಂದ ನಾಲ್ಕು ಬಾರಿಸಿದರೆ ಎಲ್ಲರೂ ನಂಬುತ್ತಾರೆ! ಲಿವಿಂಗ್‌ಸ್ಟನ್ ಒಪ್ಪಲಿಲ್ಲ.

ಕ್ರೈಸ್ತ ಧರ್ಮಕ್ಕೆ ಸೇರಲು ಸೆಚೇಲೆ ದೀಕ್ಷಾಸ್ನಾನ ಪಡೆಯಬೇಕಿತ್ತು. ಅದಕ್ಕೆ ಅವರು ಒಬ್ಬ ಹೆಂಡತಿಯನ್ನು ಮಾತ್ರ ಉಳಿಸಿಕೊಂಡು ಉಳಿದವರನ್ನು ಬಿಡಬೇಕೆಂದಾಯಿತು. ಆ ಹೆಂಗಸರು ಸೆಚೇಲೆಯ ಕಷ್ಟಕಾಲದಲ್ಲಿ ಜೊತೆಗೆ ನಿಂತ ಸಣ್ಣ ಮುಖಂಡರ ಹೆಣ್ಣುಮಕ್ಕಳು. ಅಷ್ಟೇ ಅಲ್ಲ, ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಿದ್ದವರೂ ಇವರೇ ಎಂದು ಲಿವಿಂಗ್‌ಸ್ಟನ್ ಸ್ಪಷ್ಟವಾಗಿ ಬರೆದಿದ್ದಾರೆ. ಆದ್ದರಿಂದಲೇ ಅವಸರ ಬೇಡ ಎಂದು ಅವರಿಗೂ ಅನ್ನಿಸಿತ್ತು. ಆದರೂ 1848ರಲ್ಲಿ ಅದು ನಡೆಯಿತು. ಸೆಚೇಲೆ ಒಬ್ಬೊಬ್ಬರಿಗೂ ಹೊಸ ಬಟ್ಟೆ ಕೊಟ್ಟು, ತಮ್ಮ ಸಾಮಾನನ್ನೂ ಅವರಿಗೇ ಬಿಟ್ಟು, ಇವರಲ್ಲಿ ಯಾವ ತಪ್ಪೂ ಇಲ್ಲ ಎಂದು ಹೇಳಿ ಕಳುಹಿಸಿ ತವರಿಗೆ ಕಳಿಸಿದರು. ದೀಕ್ಷೆಯ ದಿನ ದೊರೆಗೆ ಸತ್ತವರ ಮಿದುಳಿನ ನೀರು ಕುಡಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಬರೀ ನೀರು ಬಳಸಿದ್ದನ್ನು ಕಂಡು ಜನ ಆಶ್ಚರ್ಯಪಟ್ಟರು.

ಪರಿಣಾಮ ಶಾಲೆಯ ಮೇಲಾಯಿತು. ಕಳುಹಿಸಲ್ಪಟ್ಟ ಹೆಂಗಸರ ನೆಂಟರೆಲ್ಲ ಹೊಸ ಪಾಠಕ್ಕೆ ವೈರಿಗಳಾದರು. ದೊರೆಯ ಮನೆಯವರನ್ನು ಬಿಟ್ಟರೆ ಶಾಲೆಗೆ ಬರುವವರು ಬೆರಳೆಣಿಕೆಯಷ್ಟೇ ಉಳಿದರು. ಮಳೆ ತರಿಸುವವರೆಂದು ಹೆಸರಾಗಿದ್ದ ಸೆಚೇಲೆ ಆ ಕೆಲಸವನ್ನೂ ಬಿಟ್ಟಿದ್ದರಿಂದ, ಬರಗಾಲಕ್ಕೆ ಮಿಷನರಿಯೇ ಕಾರಣ ಎಂದವರೂ ಇದ್ದರು. ಸೆಚೇಲೆ ಹಿಂದಿನ ಹೆಂಡತಿಯೊಬ್ಬರ ಜೊತೆ ಮತ್ತೆ ಸೇರಿದ್ದು ಗೊತ್ತಾದಾಗ ಲಿವಿಂಗ್‌ಸ್ಟನ್ ಅವರನ್ನು ಪ್ರಭುಭೋಜನದಿಂದ ದೂರವಿಟ್ಟರು. ಬಹುಪತ್ನಿತ್ವ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನನಗೆ ಕಾಣುವುದು ಇಷ್ಟು: ಓದಲು ಬರುತ್ತಿದ್ದವರ ಓದು ಬೇರೆಯವರ ಧರ್ಮದ ನಿರ್ಧಾರದಿಂದ ನಿಂತುಹೋಯಿತು. ತಪ್ಪಿಲ್ಲ ಎಂದು ಎಲ್ಲರೂ ಒಪ್ಪಿದ್ದವರೇ ಹೊರಗೆ ಹೋಗಬೇಕಾಯಿತು. ಓದು ಮತ್ತು ದೀಕ್ಷೆಯನ್ನು ಬೇರೆ ಬೇರೆ ಇಟ್ಟಿದ್ದರೆ ಆ ಬೆಂಚುಗಳು ಖಾಲಿಯಾಗುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ.

ಮೇರಿಯ ಕಥೆಯೂ ಸುಖದ್ದಲ್ಲ. 1850ರಲ್ಲಿ ತುಂಬು ಗರ್ಭಿಣಿಯಾಗಿ, ಮಕ್ಕಳ ಸಮೇತ ಗಂಡನ ಜೊತೆ ಕಲಹರಿ ಮರುಭೂಮಿ ದಾಟಿ ಹೋಗಿ ಬಂದರು. ಕೊಲೊಬೆಂಗ್‌ನಲ್ಲಿ ಹುಟ್ಟಿದ ಮಗು ಎಲಿಜಬೆತ್ ಕೆಲವೇ ವಾರಗಳಲ್ಲಿ ತೀರಿಕೊಂಡಿತು. ಅದರ ಸಮಾಧಿ ಅಲ್ಲೇ ಇದೆ. 1852ರಲ್ಲಿ ಲಿವಿಂಗ್‌ಸ್ಟನ್ ಒಳನಾಡಿಗೆ ಹೊರಟು, ಹೆಂಡತಿಯನ್ನೂ ನಾಲ್ವರು ಮಕ್ಕಳನ್ನೂ ಕೇಪ್‌ಟೌನ್‌ನಿಂದ ಹಡಗಿನಲ್ಲಿ ಬ್ರಿಟನ್‌ಗೆ ಕಳಿಸಿದರು. ಮೇರಿಗೆ ಅದು ಪರದೇಶವೇ.

ಅದೇ ವರ್ಷ ಬೋಯರ್‌ಗಳು, ಅಂದರೆ ದಕ್ಷಿಣ ಆಫ್ರಿಕಾದ ಡಚ್ ಮೂಲದ ಬಿಳಿಯ ರೈತರು, ಸೆಚೇಲೆಯ ಮೇಲೆ ದಾಳಿ ಮಾಡಿದರು. ಲಿವಿಂಗ್‌ಸ್ಟನ್ ಬಂದೂಕು, ಫಿರಂಗಿ ಕೊಟ್ಟಿದ್ದಾರೆ ಎಂಬುದು ಅವರ ದೂರು. ಫಿರಂಗಿ ಎನ್ನುತ್ತಿದ್ದದ್ದು ಒಂದು ಕಪ್ಪು ಅಡುಗೆ ಪಾತ್ರೆ ಎಂದು ಲಿವಿಂಗ್‌ಸ್ಟನ್ ಬರೆದಿದ್ದಾರೆ. ಖಾಲಿ ಇದ್ದ ಮನೆ ಲೂಟಿಯಾಯಿತು, ಪುಸ್ತಕಗಳನ್ನು ಹರಿದು ಹಾಕಿದರು, ಔಷಧಿ ಬಾಟಲಿಗಳನ್ನು ಒಡೆದರು. ಶಾಲೆಯ ಇನ್ನೂರು ಮಕ್ಕಳನ್ನು ಗುಲಾಮಗಿರಿಗೆ ಎಳೆದೊಯ್ದರು ಎಂದು ಅವರು ಲೆಕ್ಕ ಕೊಟ್ಟಿದ್ದಾರೆ.

ಸೆಚೇಲೆ ನ್ಯಾಯ ಕೇಳಲು ರಾಣಿ ವಿಕ್ಟೋರಿಯಾ ಬಳಿಗೇ ಹೊರಟು, ಕೇಪ್‌ಟೌನ್‌ವರೆಗೆ ಹೋಗಿ, ಹಣ ಸಾಲದೆ ಹಿಂತಿರುಗಿದರು. ಆದರೆ ಓದನ್ನು ಬಿಡಲಿಲ್ಲ. ಮಿಷನರಿ ಇಲ್ಲದಿದ್ದರೂ ತಮ್ಮ ಜನರಿಗೆ ತಾವೇ ಕಲಿಸತೊಡಗಿದರು. ತಮ್ಮ ಐವರು ಮಕ್ಕಳನ್ನು ಓದಲೆಂದು ಕುರುಮಾನ್‌ಗೆ, ಮಾ-ರಾಬರ್ಟ್ ಅವರ ತಂದೆತಾಯಿಯ ಬಳಿಗೆ ಕಳಿಸಿದರು.