ಹಿಂದೆ ಕತ್ತಲೆಯಾದರೆ ಹೇಗೆ ಸ್ವಾಮಿ?

ಅಂಬಾಸಡರ್ ಕಾರು ತಯಾರಾಗುವುದು 2014ರಲ್ಲೇ ನಿಂತಿತು. ಆದರೂ ಅಪ್ಪನ ಕಾಲದ ಗಾಡಿ ಮಾರಲು ಮನಸ್ಸಾಗದೆ ಇಟ್ಟುಕೊಂಡವರು ಇದ್ದಾರೆ. ಮುಂದೆ ದೀಪ ಝಗಝಗ, ಹಿಂದೆ ಗವ್ವೆನ್ನುವ ಕತ್ತಲೆ! ಬೆನ್ನಿಗೇ ಬರುವ ಲಾರಿಯವನಿಗೆ ಏನು ಕಂಡೀತು?

ಬಲ್ಬ್ ಬದಲಾಯಿಸಿದರೂ ಉರಿಯದಿದ್ದರೆ 'ವೈರಿಂಗೇ ಹೊಸದು ಹಾಕ್ಬೇಕು' ಅನ್ನುವವರುಂಟು. ಅವಸರ ಬೇಡ. ಎರಡೂ ದೀಪ ಒಟ್ಟಿಗೆ ಹೋಗಿದ್ದರೆ ಫ್ಯೂಸ್, ಸ್ವಿಚ್, ಡಿಕ್ಕಿಗೆ ಹೋಗುವ ವೈರ್ ನೋಡಿ. ಒಂದೇ ಹೋಗಿದ್ದರೆ ಬಲ್ಬ್ ಬಿಚ್ಚಿ. ಅದರೊಳಗೆ ಎರಡು ಎಳೆ: 5 ವ್ಯಾಟಿನದು ಹಿಂದಿನ ದೀಪಕ್ಕೆ, 21 ವ್ಯಾಟಿನದು ಬ್ರೇಕಿಗೆ. ಒಂದು ಉರಿದರೂ ಇನ್ನೊಂದು ಸುಟ್ಟಿರಬಹುದು.

ಬ್ರೇಕ್ ತುಳಿದಾಗ ಸಿಗ್ನಲ್ ದೀಪವೂ ಮಿಣುಕಿತೋ? ಅರ್ತಿಂಗ್ ಮೇಲೆಯೇ ಅನುಮಾನ. ಕರೆಂಟು ವಾಪಸ್ ಹೋಗುವ ದಾರಿ ಗಾಡಿಯ ತಗಡೇ. ಮಳೆನೀರು ಇಳಿದು ತುಕ್ಕು ಹಿಡಿದರೆ ದಾರಿ ಬಂದ್. ಹೋಲ್ಡರಿನಿಂದ ಶುದ್ಧ ತಗಡಿಗೆ ತುಂಡು ವೈರ್ ಮುಟ್ಟಿಸಿ. ದೀಪ ಹತ್ತಿತೋ, ಕಳ್ಳ ಸಿಕ್ಕ! ಸ್ಕ್ರೂ ಕೂರುವ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ಬಿಗಿಯಿರಿ.

ರಾತ್ರಿ ಊರು ಬಿಡುವ ಮುನ್ನ ಯಾರನ್ನಾದರೂ ಹಿಂದೆ ನಿಲ್ಲಿಸಿ ಒಮ್ಮೆ ಬ್ರೇಕ್ ತುಳಿಯಿರಿ. ಖರ್ಚು ಕಾಸಿಲ್ಲ, ಉಳಿಯುವುದು ಜೀವ.