ಬಳ್ಳಿ ಸೀಳುವ ಅಂಗಳದಲ್ಲಿ

ಉಡುಪಿ ಜಿಲ್ಲೆಯ ಒಂದು ಕೊರಗರ ಕಾಲೊನಿ. ರಬ್ಬರ್ ತೋಟದ ಅಂಚಿಗೆ ಒತ್ತಿಕೊಂಡ ಹತ್ತಾರು ಮನೆಗಳು, ಗೋಡೆಗಳಿಗೆಲ್ಲ ಮಳೆಗಾಲದ ಪಾಚಿ. ಅಂಗಳದಲ್ಲಿ ಅಜ್ಜಿಯೊಬ್ಬರು ಬುಟ್ಟಿಗೆ ಬಳ್ಳಿ ಸೀಳುತ್ತಾ ಕಾಲು ಚಾಚಿ ಕುಳಿತಿದ್ದಾರೆ. ಬಳ್ಳಿಯ ಒಂದು ತುದಿ ಕಾಲ್ಬೆರಳ ಸಂದಿಯಲ್ಲಿ, ಇನ್ನೊಂದು ಎಡಗೈಯಲ್ಲಿ. ಬಲಗೈಯ ಕತ್ತಿ ಒಮ್ಮೆ ಕಚ್ಚಿತೆಂದರೆ ಬಳ್ಳಿ ಉದ್ದಕ್ಕೂ ಸಮನಾಗಿ ಎರಡು ಸೀಳು. ಒಳಗಿನ ಹಸಿ ಬಿಳುಪು ಬಿಸಿಲಿಗೆ ಹೊಳೆಯುತ್ತದೆ. ಎದುರಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯೂ) ಓದುವ ಇಬ್ಬರು ಹುಡುಗಿಯರು. ಕೊಪ್ಪಳದವಳಿಗೆ ತುಳು ಬಾರದು. ಕಾರ್ಕಳದ ಗೆಳತಿ ಹೇಳಿ ತಿಳಿಸುತ್ತಾಳೆ. ಫೀಲ್ಡ್ ವರ್ಕ್ ಫೈಲು ತೊಡೆಯ ಮೇಲೆ ಮುಚ್ಚಿಯೇ ಇದೆ.

“ಬರೆಯುವವರು ತುಂಬ ಜನ ಬಂದು ಹೋದ್ರು ಮಗಾ. ನೀವೂ ಬರೀರಿ” ಎಂದರು ಅಜ್ಜಿ, ತಲೆ ಎತ್ತದೆ.

“ಇವತ್ತು ಬರಿಯೂದಿಲ್ಲ ಅಜ್ಜಿ. ಸೀಳೂದು ಹೆಂಗ ಅಂತ ತೋರಸ್ರಿ” ಎಂದಳು ಕೊಪ್ಪಳದವಳು.

ಅಜ್ಜಿಯ ಮಾತಿನ ಹಿಂದೆ ದೊಡ್ಡ ಚರಿತ್ರೆಯಿದೆ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳು ಎರಡೇ: ಜೇನುಕುರುಬರು ಮತ್ತು ಕೊರಗರು. ಮೇಲ್ಜಾತಿಯವರ ರೋಗ, ಕೇಡು ದಾಟಿಹೋಗಲೆಂದು ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ! ಇಷ್ಟು ಅವಮಾನ ಉಂಡವರ ಮನೆಬಾಗಿಲಲ್ಲಿ ನಿಂತು ತಿಂಗಳ ಆದಾಯವೆಷ್ಟು, ಕುಡಿಯುತ್ತೀರಾ ಎಂದು ಕೇಳುವ ಮೊದಲು ಸಮಾಜಕಾರ್ಯದ ವಿದ್ಯಾರ್ಥಿ ಸ್ವಲ್ಪ ಹೊತ್ತು ಸುಮ್ಮನೆ ಕೂರಲು ಕಲಿಯಬೇಕು.

ಹಾಗೆಂದು ಬರೆಯುವುದೇ ವ್ಯರ್ಥವೆಂದಲ್ಲ. 1993ರಲ್ಲಿ ಕೊರಗರು ಭೂಮಿಗಾಗಿ ಮಂಗಳೂರಿನಲ್ಲಿ ಮೆರವಣಿಗೆ ಹೊರಟರು. ಆ ನೆನಪಿಗೆ ಪ್ರತಿ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತಾರೆ. ಮರುವರ್ಷ ಕೊರಗರ ಕುರಿತ ಡಾ. ಮಹಮ್ಮದ್ ಪೀರ್ ಅವರ ವರದಿ ಬಂತು. ಪ್ರತಿ ಕುಟುಂಬಕ್ಕೂ ಎರಡೂವರೆ ಎಕರೆ ಜಮೀನು ಕೊಡಬೇಕೆಂದು ಅದು ಶಿಫಾರಸು ಮಾಡಿತು. ವರದಿಯನ್ನು ಓದದವರೂ ಕಾಲೊನಿಗಳಲ್ಲಿ “ಪೀರ್ ವರದಿ” ಎನ್ನುತ್ತಾರೆ, “ಎರಡೂವರೆ ಎಕರೆ” ಎನ್ನುತ್ತಾರೆ. ಸಂಶೋಧನೆಯೊಂದು ಗ್ರಂಥಾಲಯದಿಂದಿಳಿದು ಜನರ ಬಾಯಲ್ಲಿ ಹಕ್ಕಾಗಿ ನಿಲ್ಲುವುದಕ್ಕಿಂತ ದೊಡ್ಡ ಮನ್ನಣೆ ನನಗೆ ಕಾಣದು. ಆ ಜಮೀನು ಇನ್ನೂ ಎಲ್ಲರ ಕೈಗೆ ಬಂದಿಲ್ಲ ಎಂಬುದು ಸಿಟ್ಟು ಬರಿಸುವ ಸಂಗತಿ.

ಕರಾವಳಿಗೆ ಸಮಾಜಕಾರ್ಯದ ಪಾಠ ಹೊಸದಲ್ಲ. ಮಂಗಳೂರಿನ ರೋಶನಿ ನಿಲಯ 1960ರಿಂದ ಕಲಿಸುತ್ತಿದೆ. ವ್ಯಕ್ತಿಗತ ಕಾರ್ಯ, ವೃಂದಗತ ಕಾರ್ಯ, ಸಮುದಾಯ ಸಂಘಟನೆ ಎಂದು ತರಗತಿಯಲ್ಲಿ ಬೇರೆಬೇರೆಯಾಗಿ ಓದಿದ್ದೆಲ್ಲ ಇಲ್ಲಿ, ಈ ಅಂಗಳದಲ್ಲಿ, ಕಲಸಿಹೋಗುತ್ತದೆ.

ಕೊಪ್ಪಳದ ಹುಡುಗಿ ಸೀಳಿದ ಬಳ್ಳಿ ನಡುವೆಯೇ ತುಂಡಾಯಿತು. ಅಜ್ಜಿ ನಕ್ಕು ಇನ್ನೊಂದು ಕೊಟ್ಟರು. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಬಳ್ಳಿಯ ಬುಟ್ಟಿಯನ್ನು ಕೇಳುವವರಿಲ್ಲ, ಬಳ್ಳಿಗೆ ಕಾಡಿಗೆ ಹೋದರೆ ಫಾರೆಸ್ಟಿನವರು ಬೈಯುತ್ತಾರೆ ಎನ್ನುತ್ತಾ ಮಾತು ಬಿಚ್ಚಿಕೊಂಡಿತು. ಆಮೇಲೆ ಅವರೇ ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಿಂದ ಮಡಿಕೆ ಬಿಟ್ಟ ಕಾಗದವೊಂದನ್ನು ತಂದರು.

“ಹಕ್ಕುಪತ್ರ ಉಂಟು. ಆರ್‌ಟಿಸಿ ಆಗ್ಲಿಲ್ಲ.”

ಈಗ ಫೈಲು ತೆರೆಯಿತು. ಹುಡುಗಿ ಸರ್ವೆ ನಂಬರನ್ನು ಎರಡು ಸಲ ಓದಿ ಬರೆದುಕೊಂಡಳು. ಇಂಥ ಕಾಗದ ಇನ್ನೆಷ್ಟು ಮನೆಗಳಲ್ಲಿದೆ ಎಂದು ವಿಚಾರಿಸಲು ಗೆಳತಿ ಆಗಲೇ ಎದ್ದಿದ್ದಳು. ಸೋಮವಾರ ತಾಲ್ಲೂಕು ಕಚೇರಿಗೆ ಯಾರೆಲ್ಲ ಬರುತ್ತೀರಿ ಎಂದಾಗ ಅಜ್ಜಿ ಕತ್ತಿ ಕೆಳಗಿಟ್ಟರು.

“ನಾನೇ ಬರ್ತೇನೆ. ಬಸ್ಸು ಎಷ್ಟು ಗಂಟೆಗೆ, ಅದು ಹೇಳು.”